ಖುಕುರಿ ಕೊಳ್ಳುವವರಿಗೆ: ಅಂಗಡಿಯಿಂದ ಮಸೆಕಲ್ಲಿನವರೆಗೆ

ನನ್ನ ಎಡಗೈ ತೋರುಬೆರಳಿನ ಬುಡದಲ್ಲಿ ಒಂದಿಂಚು ಉದ್ದದ ಗುರುತಿದೆ. ಖುಕುರಿಯಿಂದ ಆದದ್ದು. ದೊಡ್ಡ ಸಾಹಸ ಏನೂ ಮಾಡಲು ಹೋಗಿರಲಿಲ್ಲ. ಕಠ್ಮಂಡುವಿನಿಂದ ತಂದ ಹೊಸ ಕತ್ತಿಯನ್ನು ಮನೆಗೆ ಬಂದ ನೆಂಟರಿಗೆ ತೋರಿಸೋಣ ಅಂತ ಒರೆಯಿಂದ ಎಳೆದೆ, ಅಷ್ಟೇ. ಅದು ಒರೆಯ ಬಾಯಿಯ ಕಡೆಯಿಂದ ಬರುವ ಬದಲು ಹೊಲಿಗೆಯನ್ನೇ ಸೀಳಿಕೊಂಡು ನನ್ನ ಬೆರಳಿಗೆ ಬಂತು. ಆಮೇಲೆ ಒರೆಗೂ ಹೊಲಿಗೆ, ಬೆರಳಿಗೂ ಹೊಲಿಗೆ.

ಮಾರನೇ ದಿನ ಕೈಯ ಬ್ಯಾಂಡೇಜ್ ನೋಡಿ ನಮ್ಮ ಅಪಾರ್ಟ್‌ಮೆಂಟಿನ ರಾತ್ರಿ ಕಾವಲಿನವರು ಏನಾಯ್ತು ಅಂತ ಕೇಳಿದರು. ಹೇಳಿದೆ. ಅವರು ಜೋರಾಗಿ ನಕ್ಕರು. ಬೆಂಗಳೂರಿನಲ್ಲಿ ರಾತ್ರಿ ಸೀಟಿ ಊದಿಕೊಂಡು ಬರುವವರನ್ನೆಲ್ಲ ನಾವು ಗೂರ್ಖಾ ಅಂದುಬಿಡುತ್ತೇವೆ, ಅಲ್ವಾ? ಇವರು ಸೈನ್ಯದಲ್ಲಿ ಇದ್ದವರೇ ಅಲ್ಲ. ಪೂರ್ವ ನೇಪಾಳದ ಭೋಜಪುರದ ಕಡೆಯ ಕಮ್ಮಾರರ ಮನೆಯವರು. ಅಪ್ಪನ ಕುಲುಮೆಯಲ್ಲಿ ತಿದಿ ಒತ್ತಿಕೊಂಡು ಬೆಳೆದವರು. ಭೋಜಪುರದ ಖುಕುರಿ ಅಂದರೆ ನೇಪಾಳದಲ್ಲಿ ನಮ್ಮ ಚನ್ನಪಟ್ಟಣದ ಬೊಂಬೆ ಇದ್ದ ಹಾಗೆ. ನಾನು ಅವರನ್ನು ದಾಜು ಅನ್ನುತ್ತೇನೆ, ಅವರ ಭಾಷೆಯಲ್ಲಿ ಅಣ್ಣ ಅಂತ. ಕೆಳಗೆ ಬರೆದಿರುವುದರಲ್ಲಿ ಅರ್ಧ ಅವರು ಹೇಳಿಕೊಟ್ಟದ್ದು, ಉಳಿದರ್ಧ ಎರಡು ಖುಕುರಿ ಹಾಳುಮಾಡಿ ನಾನೇ ಕಲಿತದ್ದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಖುಕುರಿ ಗೋಡೆಗೆ ನೇತುಹಾಕುವ ಸಾಮಾನಲ್ಲ, ಕೆಲಸದ ಕತ್ತಿ. ನೇಪಾಳದ ಬೆಟ್ಟದ ಮನೆಗಳಲ್ಲಿ ಅದು ಸೌದೆ ಸೀಳುತ್ತದೆ, ಬಿದಿರು ಕಡಿಯುತ್ತದೆ, ಕೋಳಿ ಕುಯ್ಯುತ್ತದೆ, ಸೊಪ್ಪು ಹೆಚ್ಚುತ್ತದೆ. ಸೈನಿಕ ಅದನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟ. ಕೊಳ್ಳುವಾಗ, ಮಸೆಯುವಾಗ, ಎತ್ತಿಡುವಾಗ ಇದೊಂದು ನೆನಪಿದ್ದರೆ ಅರ್ಧ ತಪ್ಪು ತಪ್ಪುತ್ತದೆ.

ಸ್ವಲ್ಪ ಪರಿಚಯ

ಖುಕುರಿಯ ಒಟ್ಟು ಉದ್ದ ಸಾಮಾನ್ಯವಾಗಿ 16ರಿಂದ 18 ಇಂಚು. ಅದರಲ್ಲಿ ಅಲಗು 10ರಿಂದ 12 ಇಂಚು. ತೂಕ ಅರ್ಧ ಕೆಜಿಯಿಂದ ಮುಕ್ಕಾಲು ಕೆಜಿ. ನಮ್ಮ ಕುಡುಗೋಲಿನ ಹಾಗೆಯೇ ಒಳಗಡೆಗೆ ಬಾಗಿರುತ್ತದೆ, ಆದರೆ ಮುಂಭಾಗದಲ್ಲಿ ಹೊಟ್ಟೆ ಬಂದ ಹಾಗೆ ಅಗಲವಾಗಿ ಊದಿಕೊಂಡಿರುತ್ತದೆ. ಆ ಹೊಟ್ಟೆಯಿಂದಾಗಿ ಭಾರವೆಲ್ಲ ಮುಂದಕ್ಕೆ. ಬೀಸಿದಾಗ ಅರ್ಧ ಕತ್ತಿ, ಅರ್ಧ ಕೊಡಲಿ. ಕೊಡಗಿನವರಿಗೆ ಇದು ತೀರಾ ಹೊಸದಾಗಿ ಕಾಣಲಿಕ್ಕಿಲ್ಲ. ಕೊಡವರ ಒಡಿಕತ್ತಿಯೂ ಹೀಗೇ ಮುಂದೆ ಅಗಲ, ಒಳಗೆ ಬಾಗು. ಅದನ್ನು ಬೆನ್ನ ಹಿಂದೆ ತೋಡಂಗ್ ಎಂಬ ಲೋಹದ ಕೊಂಡಿಗೆ ಸಿಕ್ಕಿಸಿಕೊಳ್ಳುತ್ತಿದ್ದರು, ಒರೆಯೇ ಇಲ್ಲ. ಖುಕುರಿಗೆ ಒರೆ ಉಂಟು. ನನ್ನ ಬೆರಳಿನ ಕಥೆ ಶುರುವಾದದ್ದೇ ಅಲ್ಲಿಂದ.

ಹಿಡಿಯ ಹತ್ತಿರ, ಅಲಗಿನ ಬುಡದಲ್ಲಿ, ಒಂದು ಸಣ್ಣ ಕಚ್ಚು ಇರುತ್ತದೆ. ಅದಕ್ಕೆ ಕೌಡಿ ಅನ್ನುತ್ತಾರೆ. ಇದರ ಬಗ್ಗೆ ಇರುವಷ್ಟು ಕಥೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಹಸುವಿನ ಗೊರಸು ಅನ್ನುವವರಿದ್ದಾರೆ, ಶಿವನ ತ್ರಿಶೂಲ ಅನ್ನುವವರಿದ್ದಾರೆ, ರಕ್ತ ಹಿಡಿಗೆ ಇಳಿಯದಿರಲಿ ಅಂತ ಅನ್ನುವವರೂ ಇದ್ದಾರೆ. ನನಗೆ ಗೊತ್ತಿರುವ ಉಪಯೋಗ ಒಂದೇ: ಮಸೆಯುವಾಗ ಎಲ್ಲಿ ನಿಲ್ಲಿಸಬೇಕು ಅಂತ ಅದು ಕೈಗೆ ಹೇಳುತ್ತದೆ.

ಒರೆಯ ಹಿಂದೆ ಎರಡು ಪುಟಾಣಿ ಚಾಕು ಇರುತ್ತವೆ. ಒಂದು ಕರ್ದಾ, ಹರಿತವಾದದ್ದು, ಸಣ್ಣಪುಟ್ಟ ಕೆಲಸಕ್ಕೆ. ಇನ್ನೊಂದು ಮೊಂಡು. ಅದರ ಹೆಸರು ಚಕಮಕ್. ಕೇಳಿದ ಕೂಡಲೇ ಗೊತ್ತಾಗಬೇಕು, ನಮ್ಮ ಚಕಮಕಿ ಕಲ್ಲಿನ ಚಕಮಕಿಯೇ ಅದು. ಕಲ್ಲಿಗೆ ಹೊಡೆದು ಕಿಡಿ ತೆಗೆಯಲು, ದೊಡ್ಡ ಕತ್ತಿಯ ಬಾಯಿ, ಅಂದರೆ ಹರಿತವಾದ ಅಂಚು, ಮಡಚಿಕೊಂಡಾಗ ಉಜ್ಜಿ ನೇರ ಮಾಡಲು. ಮೊಂಡಾಗಿದೆ ಅಂತ ಅದನ್ನೂ ಮಸೆದು ಹರಿತ ಮಾಡಿದವನು ನಾನು. ನೀವು ಮಾಡಬೇಡಿ.

ಅಂಗಡಿಯಲ್ಲಿ

ಕಠ್ಮಂಡುವಿನ ಥಮೇಲ್ ಬೀದಿಯಲ್ಲಿ ಹತ್ತು ಹೆಜ್ಜೆಗೊಂದು ಖುಕುರಿ ಅಂಗಡಿ. ಡಾರ್ಜಿಲಿಂಗ್ ಕಡೆಯೂ ಸಿಗುತ್ತದೆ. ಮೊದಲ ಸಲ ಹೋದಾಗ ನಾನು ತಂದದ್ದು ಕನ್ನಡಿಯ ಹಾಗೆ ಹೊಳೆಯುತ್ತಿದ್ದ, ಅಲಗಿನ ತುಂಬ ಡ್ರ್ಯಾಗನ್ ಕೆತ್ತಿದ್ದ, ಹಿಡಿಗೆ ಹಿತ್ತಾಳೆಯ ಸಿಂಹದ ತಲೆ ಇದ್ದ ಒಂದು ಭರ್ಜರಿ ಸಾಮಾನು. ಊರಿಗೆ ಬಂದು ತೋಟದಲ್ಲಿ ಒಂದು ಒಣ ತೆಂಗಿನ ಮಟ್ಟೆಗೆ ಹೊಡೆದೆ. ಎರಡನೇ ಏಟಿಗೆ ಅಲಗು ಒಂದು ಕಡೆ, ಸಿಂಹ ಒಂದು ಕಡೆ. ಅಂಗಡಿಯವರನ್ನು ಬೈದು ಪ್ರಯೋಜನ ಇಲ್ಲ. ಅದು ಕಡಿಯಲು ಮಾಡಿದ್ದಲ್ಲ, ನನ್ನಂಥವರು ಕೊಳ್ಳಲಿ ಅಂತ ಮಾಡಿದ್ದು.

ಸೈನಿಕರ ಖುಕುರಿ ನೋಡಿದರೆ ಸಪ್ಪೆ ಅನ್ನಿಸುತ್ತದೆ. ಸಾದಾ ಅಲಗು, ಮರದ್ದೋ ಕೊಂಬಿನದ್ದೋ ಹಿಡಿ, ಕಪ್ಪು ಚರ್ಮದ ಒರೆ. ಬೆಳ್ಳಿ ಕೆಲಸದ ಒರೆ ಇರುವ ಕೋಥಿಮೋರಾ ಅನ್ನುವ ಬಗೆಯೂ ಇದೆ, ಆದರೆ ಅದು ನಿವೃತ್ತರಾಗುವ ಅಧಿಕಾರಿಗಳಿಗೆ ಕಾಣಿಕೆ ಕೊಡುವಂಥದ್ದು. ಹಾಗಾಗಿ ಮೊದಲ ನಿಯಮ: ಕೆತ್ತನೆ ಜಾಸ್ತಿ ಇದ್ದಷ್ಟೂ ಅನುಮಾನ ಜಾಸ್ತಿ ಇರಲಿ.

ಆಮೇಲೆ ಹೀಗೆ ನೋಡಿ.

ಕತ್ತಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬೆನ್ನಿನ ಮೇಲಿಂದ ಮೊನೆಯವರೆಗೆ ದೃಷ್ಟಿ ಹಾಯಿಸಿ, ಬಡಗಿ ರೀಪರ್ ನೋಡುತ್ತಾನಲ್ಲ ಹಾಗೆ. ಎಡಕ್ಕೋ ಬಲಕ್ಕೋ ಸೊಟ್ಟಗಿರಬಾರದು. ಹಿಡಿಯ ಹತ್ತಿರ ಬೆನ್ನು ದಪ್ಪ ಇರಬೇಕು, ಕೆಲಸದ ಕತ್ತಿಯಾದರೆ 8ರಿಂದ 10 ಮಿಲಿಮೀಟರ್. ಮೊನೆಗೆ ಹೋಗುತ್ತಾ ತೆಳ್ಳಗಾಗಬೇಕು. ಹಿಡಿಯಿಂದ ಮೊನೆಯವರೆಗೆ ಒಂದೇ ದಪ್ಪ ಇದ್ದರೆ ಅದು ತಗಡಿನಿಂದ ಕತ್ತರಿಸಿ ತೆಗೆದದ್ದು, ಬಡಿದು ಮಾಡಿದ್ದಲ್ಲ.

ಹಿಡಿಯನ್ನು ಹಗುರವಾಗಿ ಹಿಡಿದು ಅಲಗನ್ನು ಉಗುರಿನಿಂದ ತಟ್ಟಿ. ಠಣ್ ಅಂತ ಉದ್ದ ದನಿ ಬಂದರೆ ಒಳ್ಳೆಯದು. ಗರಗರ ಅಂದರೆ ಒಳಗೆ ಹಿಡಿ ಸಡಿಲ ಇದೆ. ಮಡಕೆ ಕೊಳ್ಳುವಾಗ ನಮ್ಮಜ್ಜಿ ತಟ್ಟಿ ನೋಡುತ್ತಿದ್ದರು, ಅದೇ ವಿದ್ಯೆ.

ಹಿಡಿಯ ಒಳಗೆ ಏನಿದೆ ಅನ್ನುವುದು ಎಲ್ಲಕ್ಕಿಂತ ಮುಖ್ಯ. ಇದರಲ್ಲಿ ಎರಡು ಬಗೆ. ಒಂದರಲ್ಲಿ ಅಲಗಿನ ಉಕ್ಕು ಇಲಿಯ ಬಾಲದ ಹಾಗೆ ಸಣ್ಣಗಾಗಿ ಹಿಡಿಯ ನಡುವೆ ತೂರಿ ಹಿಂದಿನ ತುದಿಯಲ್ಲಿ ಹೊರಗೆ ಬರುತ್ತದೆ, ಅಲ್ಲಿ ಅದನ್ನು ಬಡಿದು ಚಪ್ಪಟೆ ಮಾಡಿರುತ್ತಾರೆ. ಇನ್ನೊಂದರಲ್ಲಿ ಉಕ್ಕು ಹಿಡಿಯಷ್ಟೇ ಅಗಲ, ಎರಡೂ ಬದಿಗೆ ಮರ ಇಟ್ಟು ರಿವೆಟ್ ಹೊಡೆದಿರುತ್ತಾರೆ. ಎರಡೂ ಸರಿಯೇ. ಬಾಲದ ಬಗೆ ಕೈಗೆ ಹಗುರ, ಏಟಿನ ಅದುರು ಕಡಿಮೆ. ರಿವೆಟ್‌ನದ್ದು ಒರಟು ಕೆಲಸಕ್ಕೆ ಗಟ್ಟಿ. ತಪ್ಪು ಎಲ್ಲಿ ಅಂದರೆ, ಬಾಲ ಹಿಡಿಯ ಅರ್ಧಕ್ಕೇ ನಿಂತು ಉಳಿದದ್ದನ್ನು ಅಂಟು ತುಂಬಿಸಿದ್ದರೆ. ಸಿಂಹದ ತಲೆ ಹಾರಿಹೋದದ್ದು ಹಾಗೇ. ಹಿಡಿಯ ಹಿಂದಿನ ತುದಿಯಲ್ಲಿ ಉಕ್ಕಿನ ಚುಕ್ಕೆ ಕಾಣುತ್ತದಾ ನೋಡಿ. ಕಾಣದಿದ್ದರೆ ಕೇಳಿ, ಉತ್ತರ ತಡವರಿಸಿದರೆ ಮುಂದಿನ ಅಂಗಡಿ.

ಉಕ್ಕು ಯಾವುದು ಅಂತ ಕೇಳಿದರೆ ಒಳ್ಳೆಯ ಅಂಗಡಿಯವರು ನಾಚಿಕೆಯಿಲ್ಲದೆ ಲಾರಿಯ ಸ್ಪ್ರಿಂಗ್ ಪಟ್ಟಿ ಅನ್ನುತ್ತಾರೆ. ಗುಜರಿ ಮಾಲು ಅಂತ ಮೂಗು ಮುರಿಯಬೇಡಿ. ಬಾಗಿ ಮತ್ತೆ ನೇರವಾಗಲೆಂದೇ ಮಾಡಿದ ಉಕ್ಕು ಅದು, ಇಂಥ ಕತ್ತಿಗೆ ಹೇಳಿ ಮಾಡಿಸಿದ್ದು. ಪಾತ್ರೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿದ್ದು ತುಕ್ಕು ಹಿಡಿಯುವುದಿಲ್ಲ, ನಿಜ. ಕಡಿಯುವುದೂ ಇಲ್ಲ.

ಇನ್ನು ಹದ. ದಾಜು ಇದನ್ನು ಕೈಯಲ್ಲಿ ಟೀ ಕೆಟಲ್ ಹಿಡಿದು ತೋರಿಸಿದರು. ಅಲಗನ್ನು ಕೆಂಪಗೆ ಕಾಯಿಸಿ ಹೊರತೆಗೆದು, ಕೆಟಲಿನ ಸಣ್ಣ ಮೂತಿಯಿಂದ ಕತ್ತಿಯ ಬಾಯಿಯ ಉದ್ದಕ್ಕೆ ಮಾತ್ರ ನೀರು ಹುಯ್ಯುತ್ತಾರೆ. ಹೊಟ್ಟೆಯ ಭಾಗಕ್ಕೆ ಜಾಸ್ತಿ, ಮೊನೆಗೂ ಬುಡಕ್ಕೂ ಕಡಿಮೆ. ನೀರು ಕುಡಿದ ಬಾಯಿ ಗಟ್ಟಿಯಾಗುತ್ತದೆ, ನೀರು ಬೀಳದ ಬೆನ್ನು ಮೆತ್ತಗೆ ಉಳಿಯುತ್ತದೆ. ಬಾಯಿ ಕಡಿಯುತ್ತದೆ, ಬೆನ್ನು ಏಟು ತಿನ್ನುತ್ತದೆ. ಇದನ್ನು ಪರೀಕ್ಷಿಸಲು ಒಂದು ಸಣ್ಣ ಅರ ಸಾಕು. ಹೊಟ್ಟೆಯ ಬಾಯಿಯ ಮೇಲೆ ಅರ ಜಾರಬೇಕು, ಬೆನ್ನಿನ ಮೇಲೆ ಕಚ್ಚಬೇಕು. ಎಲ್ಲ ಅಂಗಡಿಯವರೂ ಬಿಡುವುದಿಲ್ಲ. ಕೇಳಿ ನೋಡಿ, ಮಾಲಿನ ಮೇಲೆ ನಂಬಿಕೆ ಇರುವವರು ತಾವೇ ಅರ ತಂದುಕೊಡುತ್ತಾರೆ.

ಇಲ್ಲೊಂದು ಮಾತು ಬರೆಯದೆ ಮುಂದೆ ಹೋಗಲು ಮನಸ್ಸಿಲ್ಲ. ಇದನ್ನೆಲ್ಲ ಮಾಡುವವರು ಕಾಮಿ ಸಮುದಾಯದವರು. ವಿಶ್ವಕರ್ಮ ಅಂತ ಅಡ್ಡಹೆಸರು ಇಟ್ಟುಕೊಳ್ಳುತ್ತಾರೆ, ನಮ್ಮ ವಿಶ್ವಕರ್ಮರ ಹಾಗೆ. ಆದರೆ ನೇಪಾಳದಲ್ಲಿ ಅವರನ್ನು ಅಸ್ಪೃಶ್ಯರು ಅಂತ ದೂರ ಇಟ್ಟಿದ್ದರು. 1963ರಲ್ಲಿ ಕಾನೂನು ಬದಲಾಯಿತು, ಹಳ್ಳಿಗಳಲ್ಲಿ ಎಲ್ಲವೂ ಬದಲಾಗಲಿಲ್ಲ. ಇಡೀ ದೇಶದ ಹೆಮ್ಮೆ ಅನ್ನುವ ಕತ್ತಿ ಬೇಕು, ಮಾಡಿದವನು ಹೊಸ್ತಿಲ ಹೊರಗೆ ನಿಲ್ಲಬೇಕು. ದಾಜು ಇದನ್ನು ಹೇಳುವಾಗ ನಗಲಿಲ್ಲ.

ಆಕಾರದ ವಿಷಯ. ಸಿರುಪಾತೆ ಅಂದರೆ ಸಿರು ಹುಲ್ಲಿನ ಎಲೆಯ ಹಾಗೆ ತೆಳ್ಳಗೆ ಉದ್ದ, ನೋಡಲು ಚೆಂದ, ಬೀಸಲು ಹಗುರ. ಭೋಜಪುರೆ ದಪ್ಪ, ಹೊಟ್ಟೆ ದೊಡ್ಡದು, ಸೌದೆಗೆ ಒಳ್ಳೆಯದು. ಚಿರ್ರಾ ಅನ್ನುವುದರಲ್ಲಿ ಅಲಗಿನ ಮೇಲೆ ಉದ್ದಕ್ಕೆ ಕಾಲುವೆ ತೋಡಿರುತ್ತಾರೆ, ತೂಕ ಇಳಿಯಲಿ ಅಂತ. ಮೊದಲ ಸಲ ಕೊಳ್ಳುವವರು ಭೋಜಪುರೆಯ ಸಣ್ಣ ಅಳತೆ ತೆಗೆದುಕೊಳ್ಳಿ. ಸಣ್ಣ ಅಳತೆ ಯಾಕೆ ಅಂದರೆ ಕಾನೂನು.

ಕಾನೂನು, ಪ್ರಯಾಣ

ನಮ್ಮ ದೇಶದಲ್ಲಿ 1959ರ ಆಯುಧ ಕಾಯ್ದೆ ಇದೆ. ಅದರ ನಿಯಮಗಳ ಪಟ್ಟಿಯಲ್ಲಿ ಬಂದೂಕಲ್ಲದ ಆಯುಧಗಳ ಸಾಲಿನಲ್ಲಿ ಕೃಪಾಣದ ಪಕ್ಕದಲ್ಲೇ ಖುಕುರಿಯ ಹೆಸರೂ ಬರೆದಿದೆ. ಅಳತೆಯನ್ನೂ ಹೇಳಿದೆ: ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ. ಮನೆಗೆಲಸಕ್ಕೆ, ಬೇಸಾಯಕ್ಕೆ ಅಂತಲೇ ಮಾಡಿದ ಕತ್ತಿಗಳು ಇದರಿಂದ ಹೊರಗೆ, ಇಲ್ಲದಿದ್ದರೆ ಮಲೆನಾಡಿನ ಪ್ರತಿ ಮನೆಯವರೂ ಲೈಸೆನ್ಸ್ ಮಾಡಿಸಬೇಕಿತ್ತು. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಇಂಥ ಆಯುಧ ಇಟ್ಟುಕೊಳ್ಳಲು ಲೈಸೆನ್ಸ್ ಬೇಕು. ಗೂರ್ಖಾಗಳಿಗೆ ಖುಕುರಿಯ ವಿಷಯದಲ್ಲಿ ವಿನಾಯಿತಿ ಇದೆ, ಕೊಡವರಿಗೆ ಬಂದೂಕಿನ ಲೈಸೆನ್ಸ್‌ನಿಂದ 2029ರವರೆಗೆ ವಿನಾಯಿತಿ ಇರುವ ಹಾಗೆ. ನನಗೂ ನಿಮಗೂ ಅದು ಅನ್ವಯಿಸುವುದಿಲ್ಲ. ಆದ್ದರಿಂದ 8 ಇಂಚಿನ, ಅಗಲವೂ 2 ಇಂಚು ದಾಟದ ಅಲಗು ತೆಗೆದುಕೊಳ್ಳಿ, ಬಿಲ್ ಇಟ್ಟುಕೊಳ್ಳಿ, ದೊಡ್ಡದೇ ಬೇಕಿದ್ದರೆ ಕೊಳ್ಳುವ ಮೊದಲು ನಿಮ್ಮ ಠಾಣೆಯಲ್ಲಿ ಕೇಳಿ. ಟೇಪ್ ಜೊತೆಗೇ ಒಯ್ಯಿರಿ. ಅಂಗಡಿಯವರು 8 ಅಂದದ್ದು ಕೆಲವೊಮ್ಮೆ 9 ಇರುತ್ತದೆ.

ಸಣ್ಣದಾದರೂ ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿಗೆ ಹೋಗುವಂತಿಲ್ಲ. ಫೋಟೋಗೆ ಅಂದರೂ ಕೇಳುವವರಿಲ್ಲ. ವಿಮಾನದಲ್ಲಿ ಕೈಚೀಲದಲ್ಲಿ ಬಿಡುವುದೇ ಇಲ್ಲ, ಚೆಕ್‌ಇನ್ ಲಗೇಜಿನಲ್ಲಿ ಹಾಕಬೇಕು. ಒರೆಯ ಬಾಯಿಗೆ ಟೇಪ್ ಸುತ್ತಿ, ಬಟ್ಟೆಯ ನಡುವೆ ಇಡಿ, ಲಗೇಜು ಕೊಡುವಾಗ ಕೌಂಟರಿನಲ್ಲಿ ಬಾಯಿಬಿಟ್ಟು ಹೇಳಿ. ಆ ಎರಡು ಪುಟಾಣಿ ಚಾಕುಗಳನ್ನು ಮರೆತು ಕೈಚೀಲದಲ್ಲಿ ಇಟ್ಟುಕೊಂಡು ನನ್ನ ಗೆಳೆಯ ಕರ್ದಾ ಕಳೆದುಕೊಂಡ. ಬೆಂಗಳೂರಿಗೆ ಬಂದಿಳಿದ ಮೇಲೆ ಅದೇ ಸೂಟ್‌ಕೇಸ್ ಹಿಡಿದುಕೊಂಡು ಮೆಟ್ರೋಗೆ ಹೋಗಬೇಡಿ, ಸ್ಕ್ಯಾನರ್ ಹತ್ತಿರ ನಿಮ್ಮನ್ನು ಪಕ್ಕಕ್ಕೆ ನಿಲ್ಲಿಸುತ್ತಾರೆ.

ಒರೆಯಿಂದ ತೆಗೆಯುವುದು

ಇಷ್ಟನ್ನು ಮಾತ್ರ ಎರಡು ಸಲ ಓದಿ.

ಒರೆ ಅಂದರೆ ಎರಡು ತೆಳು ಮರದ ಹಲಗೆ, ಮೇಲೆ ಸುತ್ತಿದ ಚರ್ಮ. ಕತ್ತಿಯ ಬಾಯಿ ಇರುವ ಬದಿಯಲ್ಲಿ ಹಲಗೆಗಳು ಕೂಡುವ ಸಂದು ಇರುತ್ತದೆ. ಒರೆಯನ್ನು ಮುಷ್ಟಿ ಕಟ್ಟಿ ಹಿಡಿದರೆ ನಿಮ್ಮ ನಾಲ್ಕು ಬೆರಳು ಸರಿಯಾಗಿ ಆ ಸಂದಿನ ಮೇಲೆ ಕೂರುತ್ತವೆ. ಕತ್ತಿ ಬಾಗಿರುವುದರಿಂದ ನೇರ ಎಳೆದರೆ ಬಾಯಿ ಆ ಸಂದಿಗೆ ಒತ್ತುತ್ತದೆ. ಮರ ಹಳೆಯದಾಗಿ ಸವೆದಿದ್ದರೆ, ಅಥವಾ ಹೊಸದಾಗಿದ್ದು ಅಂಟು ಕಡಿಮೆ ಇದ್ದರೆ, ಆಮೇಲೆ ನಡುವೆ ಇರುವುದು ಚರ್ಮ ಮಾತ್ರ. ಅದರಾಚೆ ಬೆರಳು.

ಸರಿಯಾದ ಕ್ರಮ ಹೀಗೆ. ಎಡಗೈಯಲ್ಲಿ ಒರೆಯನ್ನು ಬೆನ್ನಿನ ಕಡೆಯಿಂದ ಹಿಡಿಯಿರಿ. ಹೆಬ್ಬೆರಳು ಒಂದು ಬದಿಗೆ ಚಪ್ಪಟೆಯಾಗಿ, ಉಳಿದ ಬೆರಳು ಇನ್ನೊಂದು ಬದಿಗೆ ಚಪ್ಪಟೆಯಾಗಿ, ಪುಸ್ತಕ ಹಿಡಿದ ಹಾಗೆ. ಬಾಯಿಯ ಅಂಚಿನ ಮೇಲೆ ಒಂದು ಬೆರಳೂ ಇರಬಾರದು. ಬಲಗೈಯಲ್ಲಿ ಹಿಡಿ ಹಿಡಿದು, ಕತ್ತಿಯ ಬೆನ್ನು ಒರೆಯ ಬೆನ್ನಿಗೆ ಉಜ್ಜುತ್ತಾ ಇರುವ ಹಾಗೆ, ಬಾಗಿನ ದಾರಿಯಲ್ಲೇ ನಿಧಾನವಾಗಿ ಎಳೆಯಿರಿ. ಒಳಗೆ ಹಾಕುವಾಗಲೂ ಅಷ್ಟೇ, ಮೊದಲು ಮೊನೆ, ಆಮೇಲೆ ಬೆನ್ನು ಊರಿಕೊಂಡು ಜಾರಿಸುವುದು. ಮರ ಕೆರೆದ ಸದ್ದು ಕೇಳಿದರೆ ನಿಲ್ಲಿಸಿ. ಸಿನಿಮಾದ ಹಾಗೆ ಝಣ್ ಅಂತ ಎಳೆಯುವ ಆಸೆ ಎಲ್ಲರಿಗೂ ಇರುತ್ತದೆ. ನನ್ನ ಬೆರಳು ನೋಡಲು ಬನ್ನಿ.

ಅಂಗಡಿಯಲ್ಲೇ ಇದನ್ನು ನಾಲ್ಕು ಸಲ ಮಾಡಿ ನೋಡಿ. ತೀರಾ ಬಿಗಿ ಇದ್ದರೆ ಬಲ ಹಾಕುತ್ತೀರಿ, ಕೈ ತಪ್ಪುತ್ತದೆ. ತೀರಾ ಸಡಿಲ ಇದ್ದರೆ ಬಗ್ಗಿದಾಗ ಕತ್ತಿ ಜಾರಿ ಪಾದದ ಮೇಲೆ. ಮೇಜಿನ ಹತ್ತಿರ ತಲೆಕೆಳಗು ಹಿಡಿದಾಗ ಬೀಳಬಾರದು, ಮೆಲ್ಲಗೆ ಎಳೆದಾಗ ಬರಬೇಕು.

ಹಾಂ, ಒಂದು ಪುಕಾರು. ಒರೆಯಿಂದ ತೆಗೆದ ಖುಕುರಿ ರಕ್ತ ನೋಡದೆ ಒಳಗೆ ಹೋಗಬಾರದಂತೆ, ಗೂರ್ಖಾಗಳು ಬೆರಳಾದರೂ ಕುಯ್ದುಕೊಳ್ಳುತ್ತಾರಂತೆ. ಸುಳ್ಳು. ದಾಜುವನ್ನು ಕೇಳಿದೆ. "ಆಲೂಗಡ್ಡೆ ಹೆಚ್ಚಿದಾಗಲೆಲ್ಲ ಬೆರಳು ಕುಯ್ದುಕೊಂಡರೆ ಪಲ್ಯ ಯಾರು ಮಾಡ್ತಾರೆ ಸಾಬ್?" ಅಂದರು.

ಈ ಥರದ ಕಥೆ ಹುಟ್ಟಲು ಕಾರಣ ಇಲ್ಲದಿಲ್ಲ. 1814ರಲ್ಲಿ ಡೆಹ್ರಾಡೂನ್ ಹತ್ತಿರದ ನಾಲಾಪಾನಿ ಕೋಟೆಯಲ್ಲಿ ಗೂರ್ಖಾಗಳ ಕೈಯಲ್ಲಿ ಪೆಟ್ಟು ತಿಂದ ಇಂಗ್ಲಿಷರು ಮರುವರ್ಷವೇ ಅವರನ್ನು ತಮ್ಮ ಸೈನ್ಯಕ್ಕೆ ಸೇರಿಸಿಕೊಂಡರು. 1947ರಲ್ಲಿ ಇದ್ದ ಹತ್ತು ರೆಜಿಮೆಂಟುಗಳಲ್ಲಿ ಆರು ನಮಗೆ ಬಂದವು, ನಾಲ್ಕು ಬ್ರಿಟನ್‌ಗೆ ಹೋದವು. ಆಮೇಲೆ ನಾವು ಇನ್ನೊಂದನ್ನು ಕಟ್ಟಿದೆವು, ಈಗ ಏಳು. ಅವರ ಬ್ಯಾಡ್ಜ್‌ಗಳಲ್ಲಿ ಖುಕುರಿಯೇ ಗುರುತು. ಇದು ಬರೀ ಬ್ಯಾಡ್ಜಿನ ಮಾತೂ ಅಲ್ಲ. 1961ರ ಡಿಸೆಂಬರ್ 5ರಂದು ಕಾಂಗೋದ ಎಲಿಜಬೆತ್‌ವಿಲ್‌ನಲ್ಲಿ, ವಿಶ್ವಸಂಸ್ಥೆಯ ಪಡೆಯಲ್ಲಿದ್ದ ಕ್ಯಾಪ್ಟನ್ ಗುರ್‌ಬಚನ್ ಸಿಂಗ್ ಸಲಾರಿಯಾ 16 ಜನ ಗೂರ್ಖಾಗಳನ್ನು ಕಟ್ಟಿಕೊಂಡು ಬಯೋನೆಟ್, ಖುಕುರಿ, ಗ್ರೆನೇಡ್ ಹಿಡಿದು ತಮಗಿಂತ ಎಷ್ಟೋ ದೊಡ್ಡ ಗುಂಪಿನ ಮೇಲೆ ನುಗ್ಗಿದರು. ಅವರು ಅಲ್ಲೇ ತೀರಿಕೊಂಡರು. ಪರಮವೀರ ಚಕ್ರ ಬಂತು.

ಮಸೆಯುವುದು

ಅಡುಗೆಮನೆಯ ಚಾಕುವಿನ ಹಾಗೆ ಚಪ್ಪಟೆ ಕಲ್ಲಿನ ಮೇಲೆ ಇಟ್ಟು ಉಜ್ಜಲು ಹೋದರೆ ಖುಕುರಿ ಕೈಗೆ ಸಿಗುವುದಿಲ್ಲ. ಹೊಟ್ಟೆಯ ಕಡೆ ಹೊರಗೆ ಬಾಗು, ಹಿಡಿಯ ಕಡೆ ಒಳಗೆ ಬಾಗು. ಜೊತೆಗೆ ಬಾಯಿ ಕೊಡಲಿಯ ಬಾಯಿಯ ಹಾಗೆ ಎರಡೂ ಬದಿ ಸ್ವಲ್ಪ ಉಬ್ಬಿರುತ್ತದೆ. ಆ ಉಬ್ಬನ್ನು ತೆಗೆದು ಚಪ್ಪಟೆ ಮಾಡಿದರೆ ಎರಡು ದಿನ ಕಾಗದ ಕುಯ್ಯುತ್ತದೆ, ಮೂರನೇ ದಿನ ಗಂಟಿಗೆ ಹೊಡೆದಾಗ ಬಾಯಿ ಎದ್ದು ಹೋಗುತ್ತದೆ.

ಸಾಣೆ ಹಿಡಿಯುವವರ ಚಕ್ರಕ್ಕೂ ಕೊಡಬೇಡಿ. ಅವರ ಕೈಚಳಕಕ್ಕೆ ನನ್ನ ನಮಸ್ಕಾರ, ಆದರೆ ಕಿಡಿ ಹಾರುವಷ್ಟು ಒತ್ತಿದರೆ ಬಾಯಿ ಬಿಸಿಯಾಗುತ್ತದೆ. ಅಂಚು ನೀಲಿ ಬಣ್ಣಕ್ಕೆ ತಿರುಗಿತು ಅಂದರೆ ಹದ ಹೋಯಿತು ಅಂತಲೇ. ಕೆಟಲ್ ಹಿಡಿದು ಯಾರೋ ಬೆವರು ಸುರಿಸಿದ್ದು ಒಂದು ನಿಮಿಷದಲ್ಲಿ ಮಣ್ಣುಪಾಲು. ನನ್ನ ಎರಡನೇ ಖುಕುರಿ ಹೀಗೇ ಕೆಟ್ಟದ್ದು.

ಬೇಕಾದ ಸಾಮಾನು ಇಷ್ಟು: ನೀರಿನಲ್ಲಿ ಉಜ್ಜುವ ಉಪ್ಪುಕಾಗದ, 400, 800, 1500 ನಂಬರಿನವು. ಹಳೆಯ ಹವಾಯಿ ಚಪ್ಪಲಿ ಒಂದು. ಒಂದು ಲಟ್ಟಣಿಗೆ. ಒಂದು ಮಾರ್ಕರ್ ಪೆನ್ನು. ಹಳೆಯ ಚರ್ಮದ ಬೆಲ್ಟು.

ಮೊದಲು ಬಾಯಿಯ ಅಂಚಿನ ಉದ್ದಕ್ಕೂ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಉಜ್ಜುವಾಗ ಮಸಿ ಎಲ್ಲಿ ಹೋಗಿದೆ, ಎಲ್ಲಿ ಉಳಿದಿದೆ ಅಂತ ನೋಡಿದರೆ ನಿಮ್ಮ ಕೋನ ಸರಿಯಾ ತಪ್ಪಾ ಗೊತ್ತಾಗುತ್ತದೆ. ಮಸಿ ಮೇಲೆ ಮಾತ್ರ ಹೋಗಿ ಅಂಚಿನಲ್ಲಿ ಉಳಿದಿದ್ದರೆ ಕತ್ತಿಯ ಬೆನ್ನನ್ನು ಇನ್ನೊಂದು ಕೂದಲೆಳೆ ಎತ್ತಿ.

ಹೊಟ್ಟೆಯ ಭಾಗಕ್ಕೆ ಚಪ್ಪಲಿ. ಅದರ ಮೇಲೆ ಉಪ್ಪುಕಾಗದ ಹಾಸಿ, ಒದ್ದೆ ಮಾಡಿ, ಕತ್ತಿಯನ್ನು ಬೆನ್ನು ಮುಂದಾಗಿ ಎಳೆಯಿರಿ, ಬಾಯಿ ಹಿಂದೆ ಬರಬೇಕು. ಮುಂದಕ್ಕೆ ತಳ್ಳಿದರೆ ಕಾಗದ ಹರಿಯುತ್ತದೆ, ಆಮೇಲೆ ಚಪ್ಪಲಿ. ರಬ್ಬರ್ ಸ್ವಲ್ಪ ತಗ್ಗುವುದರಿಂದ ಉಬ್ಬು ತಾನಾಗಿ ಉಳಿಯುತ್ತದೆ. ಚಪ್ಪಲಿಯ ಗುಟ್ಟು ಇದು. ಒತ್ತಬೇಡಿ, ಕತ್ತಿಯ ಭಾರವೇ ಸಾಕು. ಒಂದು ಬದಿಗೆ ಇಪ್ಪತ್ತು ಸಲ, ಆಮೇಲೆ ಇನ್ನೊಂದು ಬದಿ. ಒಂದು ಬದಿ ಉಜ್ಜಿದ ಮೇಲೆ ಇನ್ನೊಂದು ಬದಿಯ ಅಂಚಿನಲ್ಲಿ ಉಗುರಿಗೆ ಸಿಗುವ ತರಿ ಏಳಬೇಕು, ಉದ್ದಕ್ಕೂ ಎದ್ದಮೇಲೆಯೇ ಮುಂದಿನ ನಂಬರಿನ ಕಾಗದ.

ಒಳಬಾಗಿನ ಭಾಗಕ್ಕೆ ಲಟ್ಟಣಿಗೆ. ಉಪ್ಪುಕಾಗದವನ್ನು ಅದಕ್ಕೆ ಬಿಗಿಯಾಗಿ ಸುತ್ತಿ. ಈಗ ಕತ್ತಿಯನ್ನು ಮೇಜಿನ ಅಂಚಿಗೆ ಬಟ್ಟೆ ಹಾಕಿ ಊರಿ ಹಿಡಿದು, ಲಟ್ಟಣಿಗೆಯನ್ನು ಆಡಿಸಿ. ಕೌಡಿಗಿಂತ ಅರ್ಧ ಇಂಚು ಮೊದಲೇ ನಿಲ್ಲಿಸಿ. ಮನೆಯವರು ನೋಡುವ ಮೊದಲು ಲಟ್ಟಣಿಗೆ ತೊಳೆದಿಡಿ. ಅಥವಾ ನನ್ನ ಹಾಗೆ ಬೈಸಿಕೊಂಡು ಬೇರೆಯದೇ ಒಂದು ಕೊಂಡುಕೊಳ್ಳಿ.

ಕೊನೆಗೆ ಬೆಲ್ಟನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಎಳೆದು ಹಿಡಿದು, ಹಳೆಯ ಕ್ಷೌರದಂಗಡಿಯಲ್ಲಿ ಕತ್ತಿ ತೀಡುತ್ತಿದ್ದರಲ್ಲ, ಹಾಗೆ ಎರಡೂ ಬದಿ ತೀಡಿ. ತರಿ ಉದುರುತ್ತದೆ. ಕೆಲಸದ ನಡುವೆ ಮೊಂಡಾದ ಹಾಗೆ ಅನ್ನಿಸಿದರೆ ಇಷ್ಟೆಲ್ಲ ಬೇಡ, ಚಕಮಕ್ ತೆಗೆದುಕೊಂಡು ಬಾಯಿಯ ಮೇಲೆ ಬುಡದಿಂದ ಮೊನೆಗೆ ಒಂದಷ್ಟು ಸಲ ಜಾರಿಸಿ ಸಾಕು.

ಕಡಿಯುವುದು

ಸ್ವಲ್ಪದರಲ್ಲೇ ಹೇಳುತ್ತೇನೆ. ಕೈಯನ್ನು ಮೊಣಕೈಯಿಂದ ಆಡಿಸಿ, ಮುಂಭಾರ ತಾನೇ ಕೆಲಸ ಮಾಡುತ್ತದೆ. ಹಿಡಿಯ ನಡುವೆ ಒಂದು ಉಂಗುರದಂಥ ಉಬ್ಬು ಇರುತ್ತದೆ, ಅದು ನಡುಬೆರಳು ಮತ್ತು ಉಂಗುರಬೆರಳಿನ ನಡುವೆ ಕೂರಬೇಕು, ಆಗ ಬೆವರಿದ ಕೈಯಿಂದಲೂ ಜಾರುವುದಿಲ್ಲ. ಏಟು ಬೀಳಬೇಕಾದದ್ದು ಹೊಟ್ಟೆಯ ಭಾಗದಿಂದ, ಹದ ಇರುವುದೇ ಅಲ್ಲಿ. ಮೊನೆಯಿಂದ ಡಬ್ಬ ತೆರೆಯುವುದು, ಮೊಳೆ ಎಬ್ಬಿಸುವುದು, ಮರಕ್ಕೆ ಎಸೆದು ನೆಡುವುದು, ಮೂರೂ ಬೇಡ. ಏಟು ತಪ್ಪಿದರೆ ಕತ್ತಿ ಎಲ್ಲಿಗೆ ಬರುತ್ತದೆ ಅಂತ ಬೀಸುವ ಮೊದಲು ನೋಡಿಕೊಳ್ಳಿ. ಮೊಣಕಾಲು ಆ ದಾರಿಯಲ್ಲಿ ಇರಬಾರದು.

ಮಳೆಗಾಲ

ನೇಪಾಳದ ಬೆಟ್ಟದಿಂದ ಬಂದ ಉಕ್ಕಿಗೆ ನಮ್ಮ ಕರಾವಳಿ, ಮಲೆನಾಡಿನ ಜೂನ್ ತಿಂಗಳು ದೊಡ್ಡ ಶತ್ರು. ಕೆಲಸ ಆದ ಕೂಡಲೇ ಒರೆಸಿ ಒಣಗಿಸಿ ಎಣ್ಣೆ ಸವರಿ. ಹೊಲಿಗೆ ಯಂತ್ರದ ಎಣ್ಣೆ ಒಳ್ಳೆಯದು. ಕೊಬ್ಬರಿ ಎಣ್ಣೆ ಅಡುಗೆ ಎಣ್ಣೆ ಬೇಡ, ಕೆಲವು ತಿಂಗಳಲ್ಲಿ ಜಿಡ್ಡಾಗಿ ವಾಸನೆ ಬಂದು ಧೂಳು ಹಿಡಿಯುತ್ತದೆ. ನಿಂಬೆ, ಮಾವಿನಕಾಯಿ ಹೆಚ್ಚಿದರೆ ಕೂಡಲೇ ತೊಳೆಯಿರಿ, ಇಲ್ಲದಿದ್ದರೆ ಕಪ್ಪು ಕಲೆ ಉಳಿಯುತ್ತದೆ.

ತಿಂಗಳುಗಟ್ಟಲೆ ಇಡುವುದಾದರೆ ಒರೆಯ ಒಳಗೆ ಇಡಬೇಡಿ. ಚರ್ಮ ತೇವ ಎಳೆದುಕೊಂಡು ಅಲಗಿಗೆ ದಾಟಿಸುತ್ತದೆ. ಎಣ್ಣೆ ಸವರಿದ ಅಲಗನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ, ಒರೆಯನ್ನು ಪಕ್ಕದಲ್ಲಿ ಇಟ್ಟು, ಹೊಸ ಶೂ ಡಬ್ಬಿಯಲ್ಲಿ ಬರುವ ಪುಟ್ಟ ಪೊಟ್ಟಣಗಳನ್ನು ಜೊತೆಗೆ ಹಾಕಿ, ಮಕ್ಕಳ ಕೈಗೆ ಸಿಗದ ಕಡೆ ಬೀಗ ಹಾಕಿ. ಸಣ್ಣ ತುಕ್ಕು ಬಂದರೆ ಸೀಮೆಎಣ್ಣೆ ಹಚ್ಚಿ ಒಂದು ಗಂಟೆ ಬಿಟ್ಟು ನಯವಾದ ಉಪ್ಪುಕಾಗದದಿಂದ ಉಜ್ಜಿ. ಒರೆಯ ತುದಿಯ ಹಿತ್ತಾಳೆಗೆ ಹುಣಸೆಹಣ್ಣು ಹಾಕಬಹುದು, ಹೊಳೆಯುತ್ತದೆ. ಅಲಗಿಗೆ ತಾಗಿಸಬೇಡಿ.

ಕೊಂಬಿನ ಹಿಡಿಯಾಗಿದ್ದರೆ ಎರಡು ತೊಂದರೆ. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ, ಕೊಂಬು ತಿನ್ನುವ ಹುಳವೂ ಉಂಟು. ಎರಡಕ್ಕೂ ಆಗಾಗ ಎಣ್ಣೆ ಉಜ್ಜುವುದೇ ಮದ್ದು. ಹಳೆಯ ಕ್ರಮದಲ್ಲಿ ಹಿಡಿಯನ್ನು ಅರಗಿನಂಥ ಅಂಟಿನಿಂದ ಕೂರಿಸುತ್ತಾರೆ, ಅದಕ್ಕೆ ಲಾಹಾ ಅನ್ನುತ್ತಾರೆ. ಬಿಸಿ ತಗುಲಿದರೆ ಅದು ಮೆತ್ತಗಾಗುತ್ತದೆ. ಬಿಸಿನೀರಿನಲ್ಲಿ ತೊಳೆಯಬೇಡಿ, ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಟ್ಟು ಹೋಗಬೇಡಿ.

ನವರಾತ್ರಿಯ ದಿನಗಳಲ್ಲಿ ನೇಪಾಳದವರಿಗೆ ದಶೈಂ, ಅವರೂ ಆಯುಧಗಳಿಗೆ ಪೂಜೆ ಮಾಡುತ್ತಾರೆ. ನಮಗೆ ಆಯುಧಪೂಜೆ, ಕೊಡವರಿಗೆ ಸೆಪ್ಟೆಂಬರಿನ ಕೈಲ್‌ಪೊಳ್ದ್. ನೀವೂ ಖುಕುರಿಯನ್ನು ಸ್ಕೂಟರ್ ಪಕ್ಕ ಇಟ್ಟು ಪೂಜೆ ಮಾಡುತ್ತೀರಿ, ಗೊತ್ತು. ಒದ್ದೆ ಕುಂಕುಮವನ್ನು ಒರೆಗೆ ಹಚ್ಚಿ, ಅಲಗಿಗೆ ಬೇಡ. ರಾತ್ರಿಯೆಲ್ಲ ಹಾಗೇ ಬಿಟ್ಟರೆ ಅದು ಉಕ್ಕನ್ನು ತಿನ್ನುತ್ತದೆ. ನನ್ನ ಈಗಿನ ಖುಕುರಿಯ ಹೊಟ್ಟೆಯ ಮೇಲೆ ಮೂರು ಬೆರಳಗಲದ ವಿಭೂತಿ ಪಟ್ಟೆ, ನಡುವೆ ಒಂದು ದುಂಡನೆಯ ಕುಂಕುಮದ ಗುರುತು, 1500ರ ಕಾಗದದಲ್ಲಿ ಎಷ್ಟು ಉಜ್ಜಿದರೂ ಹೋಗಿಲ್ಲ.